ಬೀಗದವನ ಕೆನ್ನೆಯ ಮಚ್ಚೆ

ಆರ್ಟಿಸ್ಟ್ ಕಣ್ಣು ಮುಚ್ಚಿದರೆ ಅವನಿಗೆ ಕಾಣುವುದು ಕತ್ತಲೆ. ಇದರಲ್ಲೇನು ಅತಿಶಯ, ಕಣ್ಣು ಮುಚ್ಚಿದರೆ ಎಲ್ಲರಿಗೂ ಕತ್ತಲೆಯೇ ಎಂದು ಮದುವೆಯಾಗುವ ತನಕ ಅವನು ನಂಬಿಕೊಂಡಿದ್ದ. ಜನ 'ಅವರ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ' ಎಂದರೆ ಅದೊಂದು ಮಾತಿನ ರೂಢಿ ಎಂದುಕೊಳ್ಳುತ್ತಿದ್ದ. 'ಮಗ ತಲೆ ಮೇಲೆ ಕೂತಿದ್ದಾನೆ' ಎಂದು ಗೋಳಾಡುವವರ ತಲೆಯ ಮೇಲೆ ನಿಜವಾಗಿ ಯಾರೂ ಕೂತಿರುವುದಿಲ್ಲವಲ್ಲ, ಹಾಗೆ. ಇಂಥ ಮನುಷ್ಯ ಹೊಟ್ಟೆಪಾಡಿಗೆ ಹಿಡಿದ ಕಸುಬು ಯಾವುದು ಅಂತೀರಿ? ತೀರಿಹೋದವರ ಮುಖ ಬರೆಯುವುದು. ಅದೂ, ಒಂದು ಫೋಟೋ ಕೂಡ ಬಿಟ್ಟು ಹೋಗದವರ ಮುಖ.

ಸೈಕಲ್ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಮನೆ ಅವನದು. ಮುಂದಿನ ಕೋಣೆಯೇ ಅಂಗಡಿ. ಒಂದು ಹಲಗೆಯ ಅಡ್ಡಗೋಡೆ, ಅದರಾಚೆ ಅಡುಗೆಮನೆ. ಈ ಕಡೆ ಆಡಿದ್ದು ಆ ಕಡೆಗೆ, ಆ ಕಡೆ ಒಗ್ಗರಣೆ ಸಿಡಿದದ್ದು ಈ ಕಡೆಗೆ ಧಾರಾಳವಾಗಿ ಕೇಳಿಸುತ್ತಿತ್ತು. ಗಿರಾಕಿಗಳಿಗೇನೂ ಬರವಿರಲಿಲ್ಲ. ಬದುಕಿದ್ದಾಗ ಮುಖ ಕೊಟ್ಟು ಮಾತಾಡದಿದ್ದವರೂ ಸತ್ತ ಮೇಲೆ ಮುಖ ಬೇಕೆಂದು ಬರುತ್ತಿದ್ದರು. ಕೆಲವರ ಕೈಯಲ್ಲಿ ಹಳೆಯ ಗುಂಪು ಫೋಟೋ ಇರುತ್ತಿತ್ತು. ಕೊನೆಯ ಸಾಲಿನಲ್ಲಿ ಇನ್ನೊಬ್ಬರ ಭುಜದ ಹಿಂದೆ ಸಾಸಿವೆ ಕಾಳಿನಷ್ಟು ತಲೆ. "ಇವರೇ ನಮ್ಮಪ್ಪ, ಸ್ವಲ್ಪ ದೊಡ್ಡದು ಮಾಡಿಕೊಡಿ" ಎನ್ನುತ್ತಿದ್ದರು. ಉಳಿದವರ ಕೈಯಲ್ಲಿ ಅದೂ ಇರುತ್ತಿರಲಿಲ್ಲ.

ಅಂಥವರಿಗಾಗಿ ಅವನ ಹತ್ತಿರ ಬಿಸ್ಕತ್ತಿನ ಡಬ್ಬಿಗಳಿದ್ದವು. ಒಂದರಲ್ಲಿ ಮೂಗು, ಒಂದರಲ್ಲಿ ಕಣ್ಣು, ಒಂದರಲ್ಲಿ ಕಿವಿ, ಒಂದರಲ್ಲಿ ಗಲ್ಲ. ಎಲ್ಲ ಹಳೆಯ ವಾರಪತ್ರಿಕೆಗಳಿಂದ ಕತ್ತರಿಸಿದವು. ಗಿರಾಕಿಯ ಮುಂದೆ ಮೂಗುಗಳನ್ನು ಹರಡಿ, ಬಟ್ಟೆ ಅಂಗಡಿಯವನ ಹಾಗೆ, "ಯಾವುದು ಹತ್ತಿರ ಬರುತ್ತೆ ನೋಡಿ" ಎನ್ನುತ್ತಿದ್ದ. ಆಮೇಲೆ ನೋಡಬೇಕಿತ್ತು ಮಜ. ಹಿರಿಮಗ ಮಂತ್ರಿಯೊಬ್ಬರ ಮೂಗು ಎತ್ತಿ ಹಿಡಿದರೆ, ಸೊಸೆ ಖಳನಾಯಕನ ಮೂಗನ್ನು ಮುಂದಕ್ಕೆ ತಳ್ಳುತ್ತಿದ್ದಳು. ಒಂದೇ ಮನೆಯಲ್ಲಿ ಒಂದೇ ಮೂಗನ್ನು ಅಷ್ಟು ವರ್ಷ ನೋಡಿದವರು! ಕೊನೆಗೆ ಯಾರ ದನಿ ಜೋರೋ ಅವರ ಮೂಗು ಗೆಲ್ಲುತ್ತಿತ್ತು. ಆರ್ಟಿಸ್ಟ್ ಗೆದ್ದ ಮೂಗು, ಗೆದ್ದ ಕಣ್ಣು, ಗೆದ್ದ ಕಿವಿಗಳನ್ನು ಕೂದಲೆಳೆಯಷ್ಟೂ ತಪ್ಪದೆ ಬರೆದು ಜೋಡಿಸುತ್ತಿದ್ದ. ಕೈ ಅಂದರೆ ಕೈ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಖ ಮಾತ್ರ, ಒಬ್ಬರಿಗೊಬ್ಬರು ಪರಿಚಯವಿಲ್ಲದವರು ಬಸ್ಸಿನ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತ ಹಾಗಿರುತ್ತಿತ್ತು.

ಹೀಗಿರುವಾಗ ಮದುವೆಯಾಯಿತು. ಹೆಂಡತಿಗೆ ಚಿತ್ರಕಲೆ ಎಷ್ಟು ಬರುತ್ತಿತ್ತೆಂದರೆ, ಅವಳು ಹಸು ಬರೆದರೆ ನೋಡಿದವರು ಬೆಂಚು ಎನ್ನುತ್ತಿದ್ದರು. ಹೊಸದರಲ್ಲೇ ಒಂದು ದಿನ ಟೀ ತಂದಿಟ್ಟವಳು ಚಿತ್ರದ ಹಲಗೆಯ ಮೇಲಿದ್ದ ಮುಖ ನೋಡಿ ಅಲ್ಲೇ ನಿಂತಳು.

"ಇದು ಯಾರದು ರೀ?"

"ಬೆಳಗ್ಗೆ ಬಂದಿದ್ರಲ್ಲ, ಆಯಮ್ಮನ ತಂದೆ."

"ಅಯ್ಯೋ, ಇದಲ್ಲ. ಒಳಗಿಂದ ನಾನೂ ಕೇಳಿಸ್ಕೊಂಡೆ. ಆಯಪ್ಪ ಜಗಳ ಶುರು ಮಾಡಿ, ಅರ್ಧದಲ್ಲಿ ತಾನೇ ನಕ್ಕುಬಿಡ್ತಿದ್ರಂತೆ. ಅಂಥವರ ಬಾಯಿ ಹೀಗೆ ಹೊಲಿದ ಹಾಗೆ ಇರುತ್ತಾ? ಈ ತುದಿ ಒಂಚೂರು ಮೇಲೆ ಎತ್ತಿ. ಹುಬ್ಬು ಬೇಡ, ಹುಬ್ಬು ಸಿಟ್ಟಲ್ಲೇ ಇರ್ಲಿ."

ಎತ್ತಿದ. ಹುಬ್ಬನ್ನು ಸಿಟ್ಟಿನಲ್ಲೇ ಬಿಟ್ಟ. ಮಾರನೆಯ ದಿನ ಚಿತ್ರ ತೆಗೆದುಕೊಳ್ಳಲು ಬಂದ ಹೆಂಗಸು ಬಾಗಿಲಲ್ಲೇ ಕೂತು ಅತ್ತಳು.

"ನಿನಗೆ ಹೇಗೆ ಗೊತ್ತಾಯ್ತು?" ಎಂದು ಅವನು ಕೇಳಿದ.

"ಗೊತ್ತಾಗೋದೇನು ಬಂತು, ಕಾಣುತ್ತಲ್ಲ" ಎಂದು ಅವಳು ಹಣೆಯ ಮುಂದೆ ಕೈಯಾಡಿಸಿದಳು. "ಅವರು ಹೇಳ್ತಾ ಹೋದ ಹಾಗೆ ಮುಖ ಬರುತ್ತೆ. ನಿಮಗೆ ಬರಲ್ವಾ?"

ಆರ್ಟಿಸ್ಟ್ ಪೆನ್ಸಿಲ್ ಕೆತ್ತತೊಡಗಿದ. ಮದುವೆಯಾದ ಹೊಸತು, ಗಂಡಸು, ಮೇಲಾಗಿ ಬಾಗಿಲಿಗೆ 'ಆರ್ಟಿಸ್ಟ್' ಎಂದು ಬೋರ್ಡು ಬೇರೆ ಹಾಕಿಕೊಂಡಿದ್ದಾನೆ. "ಬರದೆ ಏನು, ಬರುತ್ತೆ" ಎಂದುಬಿಟ್ಟ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಚಿತ್ರ ಬರೆಯುತ್ತಿದ್ದದ್ದು ಒಂದೂವರೆ ಮನುಷ್ಯ. ಅರ್ಧ ಯಾರು ಎಂದು ಬಿಡಿಸಿ ಹೇಳುವ ಅಗತ್ಯವಿಲ್ಲ. ಗಿರಾಕಿ ಈ ಕಡೆ ಹೇಳುತ್ತಿದ್ದರೆ ಅವಳು ಆ ಕಡೆ ಹುರುಳಿಕಾಯಿ ಬಿಡಿಸುತ್ತಾ ಕೇಳುತ್ತಿದ್ದಳು. ಅವರು ಹೋದ ಮೇಲೆ ಹೊರಗೆ ಬಂದು, "ಕಣ್ಣು ಇಷ್ಟು ತೆರೆದಿಡಬೇಡಿ, ಆಯಮ್ಮ ಯಾರನ್ನೂ ನಂಬ್ತಿರಲಿಲ್ಲ", "ಕತ್ತು ಒಳಗೆ ಎಳೆದುಕೊಳ್ಳಲಿ, ಇವರು ಜೀವನವೆಲ್ಲ ಅಣ್ಣನ ಮನೇಲಿ ಊಟ ಮಾಡಿದವರು" ಎನ್ನುತ್ತಿದ್ದಳು. ಅವನು ತಿದ್ದುತ್ತಿದ್ದ. ಊರು ಬೆರಗಾಯಿತು. ನೋಡದೇ ಇರುವವರನ್ನು ನೋಡಿದ ಹಾಗೆ ಬರೆಯುತ್ತಾನಲ್ಲ, ಎಂಥ ಕಲ್ಪನೆ, ಎಂಥ ಒಳಗಣ್ಣು! ಹೊಗಳಿಕೆಯನ್ನು ಆರ್ಟಿಸ್ಟ್ ಕತ್ತು ಬಗ್ಗಿಸಿ ಸ್ವೀಕರಿಸುತ್ತಿದ್ದ. ವಿನಯ ಎಂದು ಜನ ತಿಳಿಯುತ್ತಿದ್ದರು. ಹಲಗೆಯಾಚೆ ಪಾತ್ರೆ ಸ್ವಲ್ಪ ಜೋರಾಗಿ ಸದ್ದು ಮಾಡುತ್ತಿತ್ತು, ಅಷ್ಟೆ. ಹಿತ್ತಲ ಗಿಡ ಮದ್ದಲ್ಲ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಹೀಗೇ ತಲೆಗೂದಲು ನೆರೆಯುವ ತನಕ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಊರಿನ ಕಲಾ ಸಂಘಕ್ಕೆ ಎಚ್ಚರವಾಯಿತು. ಕಲಾ ಸಂಘ ಎಂದರೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮತ್ತು ಮಡಚುವ ಕುರ್ಚಿಗಳು. ಮೇಷ್ಟ್ರಿಗೆ ಕಲ್ಪನೆ ಎಂಬ ಪದದ ಮೇಲೆ ವಿಪರೀತ ಪ್ರೀತಿ. ಇನ್ನೊಬ್ಬರು ಊಟವಾದ ಮೇಲೆ ಜೀರ್ಣದ ಮಾತ್ರೆ ನುಂಗುವ ಹಾಗೆ ಅವರು ಆ ಪದವನ್ನು ಪ್ರತಿ ಮಾತಿನ ಕೊನೆಗೂ ಒಂದು ಸಲ ಆಡುತ್ತಿದ್ದರು. ಒಂದು ಮಧ್ಯಾಹ್ನ ಬಂದು, ಸಂಘದಿಂದ ನಿಮಗೆ ಸನ್ಮಾನ, 'ಕಲ್ಪನಾ ಸಾಮ್ರಾಟ' ಎಂಬ ಬಿರುದು, ಪರಿಚಯ ಭಾಷಣಕ್ಕೆ ನಾಲ್ಕು ಮಾತು ಬೇಕು ಎಂದು ಕೂತರು.

"ಹೇಳಿ, ಕಣ್ಣು ಮುಚ್ಚಿದಾಗ ಆ ಮುಖ ನಿಮಗೆ ಹೇಗೆ ಒಲಿದು ಬರುತ್ತೆ?"

"ಬರೋದೇನು ಸಾರ್," ಎಂದ ಆರ್ಟಿಸ್ಟ್, ಸಾಮ್ರಾಟನಾದ ಹುರುಪಿನಲ್ಲಿ, "ಬಂದು ನಿಂತುಬಿಡುತ್ತೆ. ಇಲ್ಲಿ, ಕಣ್ಣ ಮುಂದೆ. ನಾನು ಅದರ ಸುತ್ತ ಗೆರೆ ಎಳೀತೀನಿ ಅಷ್ಟೆ."

ಹಲಗೆಯಾಚೆ ಯಾವ ಪಾತ್ರೆಯೂ ಸದ್ದು ಮಾಡಲಿಲ್ಲ. ಅನುಭವವಿದ್ದ ಗಂಡನಾದರೆ ಅಷ್ಟಕ್ಕೇ ಹೆದರಬೇಕಿತ್ತು.

ಮೇಷ್ಟ್ರು ಹೋದ ಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ನಿಮಗೆ ಒಳ್ಳೇದಾಗೋದು ನನಗೂ ಬೇಕು ರೀ. ಬಿರುದು ನೀವೇ ಇಟ್ಕೊಳ್ಳಿ. ಒಂದೇ ಒಂದು ಸಲ, ನಾಲ್ಕು ಜನರ ಮುಂದೆ, 'ನಮ್ಮನೆಯವಳೂ ನೋಡಿ ಹೇಳ್ತಾಳೆ' ಅಂತ ಅಂದಿದ್ರೆ ನಿಮ್ಮ ಗಂಟೇನಾದ್ರೂ ಹೋಗ್ತಿತ್ತಾ?"

"ನೀನು ಹೇಳೋದು ಸಣ್ಣಪುಟ್ಟ ತಿದ್ದುಪಡಿ ಕಣೇ" ಎಂದ ಸಾಮ್ರಾಟ.

"ಹೌದಾ? ಮುಖ ನಿಮ್ಮ ಮುಂದೇನೇ ಬಂದು ನಿಲ್ಲುತ್ತಲ್ಲ, ಅದನ್ನೇ ಕೇಳಿಕೊಳ್ಳಿ ಇನ್ನು ಮೇಲೆ."

ಮಾರನೆಯ ದಿನದಿಂದ, ಗಿರಾಕಿ ಬಂದ ಕೂಡಲೇ ಅಡುಗೆಮನೆಯಲ್ಲಿ ರೇಡಿಯೋ ಜೋರಾಗಿ ಹಾಡತೊಡಗಿತು.

ಆ ವಾರವೇ ಬಂದವಳು ಬೀಗದವನ ಹೆಂಡತಿ. ಬೀಗ ರಿಪೇರಿ ಮಾಡಿ, ಹೊಸ ಕೀಲಿಕೈ ಮಾಡಿಕೊಡುತ್ತಿದ್ದ ಮನುಷ್ಯ, ಒಂದು ಜ್ವರದಲ್ಲಿ ಹೋಗಿಬಿಟ್ಟಿದ್ದ. ಆರ್ಟಿಸ್ಟ್ ಅವನಿಗೆ ಯಾವತ್ತೂ ಬೀಗದ ಕೆಲಸ ಕೊಟ್ಟವನೂ ಅಲ್ಲ, ಅವನ ಮುಖ ಕಂಡವನೂ ಅಲ್ಲ. ಈಗ ಅಂಗಡಿಯನ್ನು ಅವಳೇ ನಡೆಸುತ್ತಿದ್ದಳು. ಡಬ್ಬಿಯ ಮೂಗುಗಳನ್ನು ಅವಳು ಮುಟ್ಟಲೂ ಇಲ್ಲ.

"ಸಾಧಾರಣ ಮೂಗು ಸಾರ್. ಎಲ್ಲರಿಗೂ ಇರೋ ಥರ. ಅವರು ಎದ್ದು ಕಾಣೋ ಮನುಷ್ಯರಲ್ಲ. ಬೀಗದ ತೂತಲ್ಲಿ ನೋಡಿ ನೋಡಿ ಒಂದು ಕಣ್ಣು ಮಾತ್ರ…" ಎಂದು ಅವಳು ಏನೋ ಹೇಳಿದಳು. ರೇಡಿಯೋದಲ್ಲಿ ಯಾರೋ ತಾರಕ ಸ್ವರದಲ್ಲಿ ವಿರಹ ತೋಡಿಕೊಳ್ಳುತ್ತಿದ್ದರು. ಆರ್ಟಿಸ್ಟ್ ತಲೆಯಾಡಿಸಿದ.

ಅವಳು ಹೋದ ಮೇಲೆ ಕಣ್ಣು ಮುಚ್ಚಿ ಕೂತ. ಕತ್ತಲೆ. ಇನ್ನೂ ಬಿಗಿಯಾಗಿ ಮುಚ್ಚಿದ. ಇನ್ನೂ ಕಪ್ಪು ಕತ್ತಲೆ. ಮುಖ ಬರಲಿಲ್ಲ, ನಿದ್ದೆ ಬಂತು. ಎದ್ದವನು ಗೋಡೆಯ ಕನ್ನಡಿ ಇಳಿಸಿ ಚಿತ್ರದ ಹಲಗೆಯ ಪಕ್ಕ ಇಟ್ಟುಕೊಂಡ. ಸಾಧಾರಣ ಮುಖ ತಾನೇ ಬೇಕು? ಮೊದಲು ಗಲ್ಲವನ್ನಷ್ಟೇ ಕಡ ತೆಗೆದುಕೊಂಡ. ಗಲ್ಲಕ್ಕೆ ಒಪ್ಪುವ ಬಾಯಿ ಬೇಕಲ್ಲ, ಅದನ್ನೂ ತೆಗೆದುಕೊಂಡ. ಬಾಯಿಯ ಮೇಲೆ ಮೂಗು ಹೇಗೂ ಇತ್ತು. ಕಿವಿಗಳು ಬೇಡ ಎನ್ನಲಿಲ್ಲ. ಕಂಡದ್ದನ್ನು ಬಿಡುವ ಅಭ್ಯಾಸ ಆ ಕೈಗಿರಲಿಲ್ಲವಾದ್ದರಿಂದ, ಕೆನ್ನೆಯ ಮೇಲಿನ ಮಚ್ಚೆಯೂ ಬಂದು ಕೂತಿತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ. ಕೆಲವರಿಗೆ ತಮ್ಮ ಮುಖ ಕನ್ನಡಿಯಲ್ಲಿ ಕಂಡರೂ ಗುರುತು ಹತ್ತುವುದಿಲ್ಲ.

ಚಿತ್ರ ತೆಗೆದುಕೊಳ್ಳಲು ಬಂದ ಬೀಗದವನ ಹೆಂಡತಿ ಬಹಳ ಹೊತ್ತು ನೋಡಿದಳು. ಕಣ್ಣು ಒರೆಸಿಕೊಂಡಳು. "ಅವರೇ ಸಾರ್" ಎಂದಳು.

ಆರ್ಟಿಸ್ಟ್‌ಗೆ ಎರಡು ಕೊಂಬು ಮೂಡಿದವು. ಆ ದಿನ ಊಟದ ಹೊತ್ತಿಗೆ, ಯಾರನ್ನೂ ಉದ್ದೇಶಿಸದವನ ಹಾಗೆ, "ಕೆಲವರು ತಾವಿಲ್ಲದಿದ್ರೆ ಬೆಳಗೇ ಆಗಲ್ಲ ಅಂದುಕೊಂಡಿರ್ತಾರೆ" ಎಂದ. ಹೆಂಡತಿ ರೊಟ್ಟಿಯ ತಟ್ಟೆಯನ್ನು ಅವನ ಕಡೆಗೆ ತಳ್ಳಿದಳು. ಅವಳಿಗೆ ಒಳಗೊಳಗೇ ಅವಮಾನವಾಗಿತ್ತು. ತಾನು ನಿಜವಾಗಿಯೂ ಸಣ್ಣಪುಟ್ಟ ತಿದ್ದುಪಡಿಯೇ ಇರಬೇಕು ಎಂದು ಆ ರಾತ್ರಿ ಅವಳಿಗೆ ಅನ್ನಿಸಿತು.

ಕೆಲವು ವಾರ ಕಳೆದ ಮೇಲೆ ಬೀರುವಿನ ಕೀಲಿಕೈ ಮುರಿಯಿತು. ಮುರಿದ ತುಂಡನ್ನು ಹಿಡಿದುಕೊಂಡು ಅವಳು ಬೀಗದ ಅಂಗಡಿಗೆ ಹೋದಳು. ಮೊಳೆಗಳಿಗೆ ತೂಗುಬಿದ್ದ ನೂರಾರು ಕೀಲಿಕೈಗಳ ಮೇಲೆ, ಫ್ರೇಮಿನೊಳಗಿಂದ, ಅವಳ ಗಂಡ ಅವಳನ್ನೇ ನೋಡುತ್ತಿದ್ದ.

ಬೆಳಗ್ಗೆ ತಾನೇ ಷರಟಿನ ಗುಂಡಿ ಸಿಗಲಿಲ್ಲವೆಂದು ಕೂಗಾಡಿದ ಮನುಷ್ಯ, ಇಲ್ಲಿ ಇನ್ನೊಬ್ಬಳ ಗೋಡೆಯ ಮೇಲೆ ಸತ್ತುಹೋಗಿದ್ದಾನೆ. ಮೊದಲು ಭಯ, ಆಮೇಲೆ ಸಿಟ್ಟು, ಅದರ ಬೆನ್ನಿಗೇ ತಡೆಯಲಾರದ ನಗು ಬಂತು. ಮೂರನ್ನೂ ಹಲ್ಲಿನಲ್ಲಿ ಕಚ್ಚಿಕೊಂಡು ಸ್ಟೂಲಿನ ಮೇಲೆ ಕೂತಳು.

"ನಿಮ್ಮನೆಯವರು ಬರೆದದ್ದೇ" ಎಂದಳು ಬೀಗದವನ ಹೆಂಡತಿ, ಅರದಿಂದ ಕೀಲಿ ಉಜ್ಜುತ್ತಾ. "ಮಚ್ಚೆ ಒಂದು ಇರಲಿಲ್ಲ ನಮ್ಮವರಿಗೆ. ಕಲಾವಿದರ ಕಲ್ಪನೆ ಇರಬೇಕು ಅಂತ ಸುಮ್ಮನಾದೆ."

"ಒಂದು ಕಣ್ಣು ಕಿರಿದು ಮಾಡ್ತಿದ್ರು, ಅಲ್ವಾ?" ರೇಡಿಯೋದ ನಡುವೆಯೂ ಇವಳ ಕಿವಿಗೆ ಅಷ್ಟು ಬಿದ್ದಿತ್ತು.

ಅರ ನಿಂತಿತು. "ಹೌದಕ್ಕಾ. ಎಡಗಣ್ಣು. ಅದು ಇದರಲ್ಲಿ ಬಂದಿಲ್ಲ." ಅವಳು ಚಿತ್ರದ ಕಡೆ ನೋಡಿದಳು. "ತಂದ ದಿನ ಸ್ವಲ್ಪ ಬೇರೆ ಥರ ಅನ್ನಿಸ್ತು. ಅಷ್ಟು ದೊಡ್ಡ ಆರ್ಟಿಸ್ಟು, ನನಗಿಂತ ಚೆನ್ನಾಗಿ ಅವರಿಗೇ ಗೊತ್ತಿರುತ್ತೆ ಅಂದುಕೊಂಡೆ. ದಿನಾ ನೋಡ್ತಾ ನೋಡ್ತಾ ಈಗ ಕಣ್ಣು ಮುಚ್ಚಿದ್ರೂ ಇದೇ ಬರುತ್ತೆ. ಮೊದಲಿನ ಮುಖ ಕರೆದ್ರೂ ಬರಲ್ಲ."

ನಗು ಎಲ್ಲಿ ಹೋಯಿತೋ. ಆರ್ಟಿಸ್ಟಿನ ಹೆಂಡತಿ ಹೊಸ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ದಡದಡ ಮನೆಗೆ ಬಂದಳು.

"ಆ ಬೀಗದವರನ್ನ ಜ್ವರ ಅರ್ಧ ಕೊಂದಿತ್ತು. ಮಿಕ್ಕಿದ್ದನ್ನ ನೀವು ಮುಗಿಸಿದ್ರಿ."

ಆರ್ಟಿಸ್ಟ್ ಎಂದಿನ ಗತ್ತಿನಲ್ಲಿ ಬಾಯಿ ತೆರೆದ. ಅವಳು ಕನ್ನಡಿಯನ್ನು ತಂದು ಅವನ ಮುಖಕ್ಕೆ ಹಿಡಿದಳು. "ಮಚ್ಚೆ ನೋಡಿ. ಎಡಗೆನ್ನೆಯದ್ದು ಚಿತ್ರದಲ್ಲಿ ಬಲಗೆನ್ನೆಗೆ ಹೋಗಿದೆ. ಕದಿಯೋದಾದ್ರೂ ನೆಟ್ಟಗೆ ಕದೀಬಾರದಾ? ಆ ಹೆಂಗಸಿಗೆ ಈಗ ಅವಳ ಗಂಡ ಅಂದ್ರೆ ನೀವು ಕಾಣ್ತೀರಿ. ಯಾಕೆ ಹಾಗೆ ಮಾಡಿದ್ರಿ? ನಿಮ್ಮ ಕಣ್ಣ ಮುಂದೆ ಬಂದು ನಿಲ್ಲೋ ಮುಖ ಎಲ್ಲಿ ಹೋಗಿತ್ತು?"

ಅವನು ಕನ್ನಡಿಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದ.

"ನನಗೇನೂ ಕಾಣಲ್ಲ ಕಣೇ."

"ಅಂದ್ರೆ?"

"ಕಣ್ಣು ಮುಚ್ಚಿದ್ರೆ ಕತ್ತಲೆ. ಯಾವತ್ತೂ ಏನೂ ಕಂಡಿಲ್ಲ. ನೀನು ಕಾಣುತ್ತೆ ಅಂದಾಗ ಮೊದಲು ಸುಳ್ಳು ಅಂದುಕೊಂಡೆ. ಆಮೇಲೆ, ನನ್ನಲ್ಲೇ ಏನೋ ಕಮ್ಮಿ ಇದೆ ಅಂತ ಗೊತ್ತಾಯ್ತು. ಹೇಳೋಕೆ ನಾಚಿಕೆ ಆಯ್ತು."

ಅವಳು ಅವನನ್ನೇ ನೋಡಿದಳು. ಇಷ್ಟು ವರ್ಷ ಇವನನ್ನು ಜಂಬದವನು, ಜಿಪುಣ, ಹೆಂಡತಿಗೆ ಒಂದು ಒಳ್ಳೆಯ ಮಾತು ಕೊಡಲಾರದವನು ಎಂದೆಲ್ಲ ಲೆಕ್ಕ ಹಾಕಿದ್ದಳು. ಅವೆಲ್ಲ ನಿಜವೇ. ಆದರೆ ಇದು ಲೆಕ್ಕದಲ್ಲಿರಲಿಲ್ಲ.

"ನಿಮ್ಮಮ್ಮ?"

"ಕಿವಿಯಲ್ಲಿ ಕೆಂಪು ಕಲ್ಲಿನ ಓಲೆ ಇತ್ತು ಅಂತ ಗೊತ್ತು. ಕಾಣಲ್ಲ."

ಅವಳಿಗೆ ಸಂಕಟವಾಯಿತು. ಊರಿನವರ ಅಮ್ಮಂದಿರನ್ನೆಲ್ಲ ಬರೆದುಕೊಟ್ಟ ಮನುಷ್ಯನಿಗೆ ತನ್ನ ಅಮ್ಮನ ಮುಖವಿಲ್ಲ. ದೀಪದ ಬುಡದಲ್ಲಿ ಕತ್ತಲೆ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು, ಇಷ್ಟೊಂದು ಎಂದು ಗೊತ್ತಿರಲಿಲ್ಲ. ಅವಳು ಒಳಗೆ ಹೋಗಿ ರೇಡಿಯೋದ ಪ್ಲಗ್ ಕಿತ್ತಳು.

"ಪೆನ್ಸಿಲ್ ತಗೊಳ್ಳಿ. ನಡೀರಿ."

ಆರ್ಟಿಸ್ಟ್ ಬೀಗದ ಅಂಗಡಿಯಲ್ಲಿ, ವಾರ್ನಿಷ್ ಸರಿಯಾಗಿ ಒಣಗಿಲ್ಲ, ಇನ್ನೊಂದು ಬರೆದುಕೊಡುತ್ತೇನೆ ಎಂದ. ಸುಳ್ಳು ಹೇಳುವ ಕಲೆಯಲ್ಲಿ ಅವನಿಗೆ ಯಾರ ಸಹಾಯವೂ ಬೇಕಾಗಿರಲಿಲ್ಲ. ಹೆಂಡತಿ ಚಿತ್ರವನ್ನು ಗೋಡೆಯಿಂದ ಇಳಿಸಿ, ಮುಖ ಕೆಳಗೆ ಮಾಡಿ ಇಟ್ಟು, ಸ್ಟೂಲಿನ ಮೇಲೆ ಕೂತಳು.

"ಅವರು ಹೇಗಿದ್ರು ಅಂತ ಹೇಳ್ಬೇಡಿ. ಏನು ಮಾಡ್ತಿದ್ರು ಅಂತ ಹೇಳಿ. ಕೈಯಿಂದ ಸ್ಪ್ರಿಂಗ್ ಜಾರಿ ನೆಲಕ್ಕೆ ಬಿದ್ರೆ?"

"ಅಯ್ಯೋ, ಉಸಿರೇ ಬಿಡ್ತಿರಲಿಲ್ಲ" ಎಂದಳು ಬೀಗದವನ ಹೆಂಡತಿ. "ನಾನೂ ಬಿಡಬಾರದು. ತುಟಿ ಒಳಗೆ ಎಳೆದುಕೊಂಡು ಹುಡುಕೋರು."

"ಸಿಕ್ಕಿದ ಮೇಲೆ?"

"ಸಿಕ್ಕಿದ ಮೇಲೆ ನನ್ನನ್ನೇ ಬಯ್ಯೋರು."

"ಬೀಗ ತೆರೆದುಕೊಂಡಾಗ?"

"ನಗೋರು. ಗಿರಾಕಿಗೆ ಕಾಣದ ಹಾಗೆ. ಆ ಕಡೆ ತಿರುಗಿ."

ಆರ್ಟಿಸ್ಟಿನ ಹೆಂಡತಿ ಕಣ್ಣು ಮುಚ್ಚಿದಳು. ಮುಚ್ಚಿಕೊಂಡೇ ಹೇಳತೊಡಗಿದಳು. "ತಲೆ ಬಗ್ಗಿಸಿ ರೀ. ಇನ್ನೂ. ಇವರು ನಮ್ಮನ್ನ ನೋಡ್ತಿಲ್ಲ, ಕೈಲಿರೋ ಬೀಗ ನೋಡ್ತಿದ್ದಾರೆ. ಎಡಗಣ್ಣು ಕಿರಿದು. ಕಿರಿದು ಅಂದ್ರೆ ಮುಚ್ಚಿದ್ದಲ್ಲ, ಒಳಗಿಂದ ಏನೋ ಕೇಳಿಸ್ಕೊಳ್ತಾ ಇರೋ ಹಾಗೆ. ಕೆಳತುಟಿ ಒಳಗೆ. ನಗು ಇನ್ನೂ ಬಂದಿಲ್ಲ, ಬರೋದಿದೆ." ಆ ಕೈ ಒಂದೊಂದನ್ನೂ ಕೇಳಿತು, ಮಾಡಿತು. ಪೆನ್ಸಿಲಿಗೆ ಈ ಸಲ ಕನ್ನಡಿಯೂ ಬೇಕಾಗಲಿಲ್ಲ, ಡಬ್ಬಿಯೂ ಬೇಕಾಗಲಿಲ್ಲ. ಬೀಗದವನ ಹೆಂಡತಿ ಇಬ್ಬರನ್ನೂ ನೋಡುತ್ತಾ ಕೂತಿದ್ದಳು. ಯಾರು ಚಿತ್ರ ಬರೆಯುತ್ತಿದ್ದಾರೆ ಎಂದು ಅವಳಿಗೆ ಆಗಲೇ ಅರ್ಥವಾಗಿರಬೇಕು.

ಮುಗಿದ ಮೇಲೆ ಆರ್ಟಿಸ್ಟ್ ಹಲಗೆಯನ್ನು ಅವಳ ಕಡೆಗೆ ತಿರುಗಿಸಿದ. ಅವಳು ಅಳಲಿಲ್ಲ, 'ಅವರೇ' ಎನ್ನಲೂ ಇಲ್ಲ. ಚಿತ್ರ ನೋಡಿದವಳೇ ಗಡಿಬಿಡಿಯಿಂದ ಬಾಗಿಲಿನ ಕಡೆಯಿಂದ ಪಕ್ಕಕ್ಕೆ ಸರಿದಳು. ಆಮೇಲೆ ತಾನೇ ನಾಚಿಕೊಂಡು ಹೇಳಿದಳು:

"ಬೆಳಕಿಗೆ ಅಡ್ಡ ನಿಂತ್ರೆ ಬಯ್ತಿದ್ರು."

ಕಲಾ ಸಂಘದ ಸನ್ಮಾನ ಆ ತಿಂಗಳ ಕೊನೆಗೆ ನಡೆಯಿತು. ಕುರ್ಚಿಗಳೆಲ್ಲ ತುಂಬಿದ್ದವು. ಮೂರನೆಯ ಸಾಲಿನಲ್ಲಿ ಆರ್ಟಿಸ್ಟಿನ ಹೆಂಡತಿ, ಪಕ್ಕದಲ್ಲಿ ಬೀಗದವನ ಹೆಂಡತಿ. ಮೇಷ್ಟ್ರು ಕಲ್ಪನೆಯ ಕುರಿತು ಮಾತಾಡಿದರು, ಕಲ್ಪನೆಯ ಮೂಲದ ಕುರಿತು ಮಾತಾಡಿದರು, ಮೂಲಕ್ಕೂ ಒಂದು ಮೂಲವಿದೆ ಎಂದರು. ಹಿಂದಿನ ಸಾಲಿನಲ್ಲಿ ಒಬ್ಬರು ಗೊರಕೆ ಹೊಡೆದರು. ಕೊನೆಗೆ ಫಲಕ ಕೊಟ್ಟು, ಮೈಕನ್ನು ಆರ್ಟಿಸ್ಟಿನ ಬಾಯಿಗೆ ಹಿಡಿದು, "ಈಗ ನಮ್ಮ ಸಾಮ್ರಾಟರು ಕಣ್ಣು ಮುಚ್ಚಿ, ತಮಗೆ ಏನು ಕಾಣುತ್ತೆ ಅಂತ ಹೇಳಬೇಕು" ಎಂದರು.

ಆರ್ಟಿಸ್ಟ್ ಕಣ್ಣು ಮುಚ್ಚಿದ. ಈಗ ಹೇಳಿದರೆ ಬೋರ್ಡು, ಬಿರುದು, ಹೆಸರು ಎಲ್ಲ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

"ಏನೂ ಕಾಣಲ್ಲ" ಎಂದ. "ಕತ್ತಲೆ."

"ಆಹಾ!" ಎಂದರು ಮೇಷ್ಟ್ರು. "ನೋಡಿ ವಿನಯ! ಕತ್ತಲೆಯಿಂದಲೇ ತಾನೇ ಸೃಷ್ಟಿ!" ಚಪ್ಪಾಳೆ ಬಿತ್ತು.

"ವಿನಯ ಅಲ್ಲ ಸಾರ್, ನಿಜ. ನನಗೆ ಕಲ್ಪನೆ ಅನ್ನೋದೇ ಇಲ್ಲ. ಮುಖ ಕಾಣೋದು ನನ್ನ ಹೆಂಡತಿಗೆ. ಅಲ್ಲಿ ಕೂತಿದ್ದಾಳೆ. ಅವಳು ಹೇಳ್ತಾಳೆ, ನಾನು ಗೆರೆ ಎಳೀತೀನಿ. ಇಷ್ಟು ವರ್ಷ ನಾನು ಸುಳ್ಳು ಹೇಳಿದ್ದೆ."

ಈ ಸಲದ ಚಪ್ಪಾಳೆಗೆ ಗೊರಕೆಯವರಿಗೂ ಎಚ್ಚರವಾಯಿತು. ಹೆಂಗಸರು ಕಣ್ಣೊರೆಸಿಕೊಂಡರು, ತಮ್ಮ ತಮ್ಮ ಗಂಡಂದಿರ ಕಡೆಗೆ ಒಂದು ನೋಟ ಎಸೆದರು. "ಪತ್ನಿಯನ್ನು ಸ್ಫೂರ್ತಿ ಎನ್ನುವವರನ್ನು ಕೇಳಿದ್ದೇವೆ, ಪತ್ನಿಯನ್ನೇ ತನ್ನ ಕಣ್ಣು ಎಂದವರು ಇವರೊಬ್ಬರೇ!" ಎಂದು ಮೇಷ್ಟ್ರು ಗದ್ಗದಿತರಾದರು. ಆರ್ಟಿಸ್ಟ್ "ಹಾಗಲ್ಲ, ಹಾಗಲ್ಲ" ಎನ್ನುತ್ತಲೇ ಇದ್ದ. ಅಷ್ಟರಲ್ಲಿ ಮೈಕು ಕೈಬದಲಾಗಿತ್ತು. ನಾಲ್ಕು ಜನರ ಮುಂದೆ ಮೊದಲ ಬಾರಿ ನಿಜ ಹೇಳಿದ, ಅದೊಂದನ್ನು ಮಾತ್ರ ಯಾರೂ ನಂಬಲಿಲ್ಲ. ಅಷ್ಟು ಜನರಲ್ಲಿ ಚಪ್ಪಾಳೆ ತಟ್ಟದವರು ಇಬ್ಬರೇ. ಇಬ್ಬರೂ ಮೂರನೆಯ ಸಾಲಿನಲ್ಲಿದ್ದರು.

ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ಹೆಂಡತಿಯ ಜೊತೆ ಮನೆಯ ಕಡೆ ನಡೆದ. ಅಂಗಡಿಗಳು ಇನ್ನೂ ತೆರೆದಿದ್ದವು.

"ಹೇಳಿದೆ ಕಣೇ. ಯಾರೂ ನಂಬಲಿಲ್ಲ."

"ನಾನು ಕೇಳಿಸ್ಕೊಂಡೆ" ಎಂದಳು. "ಎಷ್ಟು ಚೆನ್ನಾಗಿ ಹೇಳಿದ್ರಿ ಅಂದ್ರೆ, ಈಗ ಊರಿಗೆಲ್ಲ ನೀವು ಇನ್ನೂ ದೊಡ್ಡ ಮನುಷ್ಯರು. ನನ್ನ ಹಣೆಬರಹ."

ಔಷಧಿ ಅಂಗಡಿ ಹತ್ತಿರ ಬರುವಾಗ ಅವನು ತಡೆದು ತಡೆದು ಕೇಳಿದ. "ನೀನು ಕಣ್ಣು ಮುಚ್ಚಿದ್ರೆ ನಾನು ಕಾಣ್ತೀನಾ?"

ಅವಳು ನಿಂತು ಕಣ್ಣು ಮುಚ್ಚಿದಳು. "ಕಾಣ್ತೀರಿ. ಮಚ್ಚೆ ಎಡಗಡೆಗೇ ಇದೆ."

"ನನಗೆ ನೀನು ಕಾಣಲ್ಲ. ನೀನು ಪಕ್ಕದ ಕೋಣೆಗೆ ಹೋದ್ರೂ ಸಾಕು, ನಿನ್ನ ಮುಖ ಹೋಗಿಬಿಡುತ್ತೆ."

ಅವಳು ಅವನ ಕಂಕುಳಿನ ಫಲಕವನ್ನು ಕಿತ್ತು ತನ್ನ ಕೈಗೆ ತೆಗೆದುಕೊಂಡಳು.

"ಅದಕ್ಕೇನೀಗ? ಕಣ್ಣು ಬಿಟ್ಟು ನೋಡಿ. ಇಲ್ಲೇ ಇದ್ದೀನಲ್ಲ."

ಅವನು ನೋಡಿದ. ಊರವರ ಮೂಗನ್ನೆಲ್ಲ ಡಬ್ಬಿಯಲ್ಲಿ ತುಂಬಿಟ್ಟುಕೊಂಡಿದ್ದವನು, ಔಷಧಿ ಅಂಗಡಿಯ ಬೆಳಕಿನಲ್ಲಿ ಹೆಂಡತಿಯ ಮೂಗನ್ನು ಮೊದಲ ಸಲ ಕಂಡವನ ಹಾಗೆ ನೋಡುತ್ತಾ ನಿಂತ. ಅಂಗಡಿಗೆ ಬಂದವರು ಸುತ್ತಿಕೊಂಡು ಹೋದರು. ಬೆಳಕಿಗೆ ಯಾರೋ ಅಡ್ಡ ಬಂದಾಗ, "ಸ್ವಲ್ಪ ಸರೀರಿ ಸ್ವಾಮಿ" ಎಂದ.